ಮೊದಲು ಕೇಳೋಣ, ಆಮೇಲೆ ತೀರ್ಪು



ಯೇಸುಸಭೆಯ ಫಾದರ್ ಮತ್ತೆಯೋ ರಿಚ್ಚಿ ಗೋವಾದಲ್ಲಿ ಓದಿ, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, ಆಮೇಲೆ ಚೀನಾಕ್ಕೆ ಹೋದವರು. ಅಲ್ಲಿ ಅವರು ಚೀನೀ ಭಾಷೆ ಕಲಿತರು, ಕನ್ಫ್ಯೂಷಿಯಸನ ಗ್ರಂಥಗಳನ್ನು ಓದಿದರು. ಷೂ ಗ್ವಾಂಗ್‌ಚಿ ಎಂಬ ವಿದ್ವಾಂಸರ ಜೊತೆ ಸೇರಿ ಯೂಕ್ಲಿಡನ ರೇಖಾಗಣಿತವನ್ನು 1607ರಲ್ಲಿ ಚೀನೀ ಭಾಷೆಗೆ ತಂದರು. ಚೀನೀಯರು ತೀರಿಹೋದ ಹಿರಿಯರ ಮುಂದೆ ಧೂಪವಿಟ್ಟು ತಲೆಬಾಗುವುದನ್ನು ಅವರು ವಿಗ್ರಹಾರಾಧನೆ ಎನ್ನಲಿಲ್ಲ, ಗೌರವ ಎಂದು ತಿಳಿದರು.

1692ರಲ್ಲಿ ಕಾಂಗ್‌ಶಿ ಚಕ್ರವರ್ತಿ ಕ್ರೈಸ್ತ ಆರಾಧನೆಗೆ ಅನುಮತಿ ಕೊಟ್ಟನು. ಹಿರಿಯರಿಗೆ ಸಲ್ಲುವುದು ಗೌರವ ಮಾತ್ರ ಎಂದು 1700ರಲ್ಲಿ ಅವನೇ ಸ್ಪಷ್ಟಪಡಿಸಿದನು. ಆದರೂ 1715ರಲ್ಲಿ ರೋಮ್ ಆ ಆಚರಣೆಗಳನ್ನು ಕ್ರೈಸ್ತರಿಗೆ ನಿಷೇಧಿಸಿತು. 1721ರಲ್ಲಿ ಚಕ್ರವರ್ತಿ ಧರ್ಮಬೋಧನೆಯನ್ನೇ ನಿಷೇಧಿಸಿದನು. ಧರ್ಮಸಭೆ ಆ ಗೌರವಕ್ಕೆ ಮತ್ತೆ ಒಪ್ಪಿದ್ದು 1939ರಲ್ಲಿ, ಪೋಪ್ ಹನ್ನೆರಡನೇ ಪಿಯುಸರ ಕಾಲದಲ್ಲಿ. ಅಷ್ಟು ತಲೆಮಾರುಗಳ ಚೀನೀ ಕ್ರೈಸ್ತರು ವಿಶ್ವಾಸವೋ ಹಿರಿಯರೋ ಎಂಬ ಇಕ್ಕಟ್ಟಿನಲ್ಲಿ ಬದುಕಿದರು.

ನಮ್ಮ ಅಭಿಪ್ರಾಯ ಇಷ್ಟೇ: ಒಂದು ಆಚರಣೆಯ ಅರ್ಥವನ್ನು ಮೊದಲು ಹೇಳಬೇಕಾದವರು ಅದನ್ನು ಆಚರಿಸುವವರು. ನೆರೆಮನೆಯ ಹಬ್ಬವನ್ನು ‘ಅದು ತಪ್ಪು’ ಎನ್ನುವ ಮೊದಲು ನಾವು ಅವರ ಜಗಲಿಯಲ್ಲಿ ಕೂತು ಕೇಳೋಣ. ಕೇಳಿದರೆ ನಮ್ಮ ವಿಶ್ವಾಸ ಕರಗುವುದಿಲ್ಲ, ರಿಚ್ಚಿಯವರದು ಕರಗಲಿಲ್ಲ.