ಮನೆಯ ಬೆಳಕು ಚಿಕಿತ್ಸೆಗೂ ವಿಮೆ ದೊರೆಯಲಿ

ತೊನ್ನು ಅಂಟುಜಾಡ್ಯವಲ್ಲ. ಚರಕ ಸಂಹಿತೆಯು ಶ್ವಿತ್ರಕ್ಕೆ ಔಷಧದೊಡನೆ ಬಿಸಿಲನ್ನೂ ವಿಧಿಸಿದೆ. ಇಂದಿನ ಚರ್ಮತಜ್ಞರು ಸುಮಾರು 311 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಕಿರಣವನ್ನು ವಾರಕ್ಕೆ 2-3 ಬಾರಿ, ಹಲವು ತಿಂಗಳು ನೀಡುತ್ತಾರೆ. ಕೆಮ್ಮಣ್ಣುಗುಂಡಿಯ ಮಳೆಗಾಲದ ಮಂಜಿನಲ್ಲಿ ಬಿಸಿಲೇ ದುರ್ಲಭ. ಚಿಕ್ಕಮಗಳೂರಿಗೆ ಹೋಗಿಬರಲು ತೋಟದ ಕೂಲಿಕಾರರಿಗೆ ಪ್ರತಿ ಸಲವೂ ಒಂದು ದಿನದ ಕಾಯಕ ನಷ್ಟ. ಹೀಗೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರನ್ನು ಕಂಡಿದ್ದೇನೆ.

ತಜ್ಞರು ಸೂಚಿಸಿದಷ್ಟೇ ಹೊತ್ತು, ಕಣ್ಣಿಗೆ ರಕ್ಷಾಕವಚ ಧರಿಸಿ, ಅದೇ ಬೆಳಕನ್ನು ಚಿಕ್ಕ ಸಾಧನದಿಂದ ಮನೆಯಲ್ಲಿಯೇ ಪಡೆಯಬಹುದು. ಆದರೆ ನಮ್ಮ ಆರೋಗ್ಯ ವಿಮೆಗಳು ಬಹುಪಾಲು ಒಳರೋಗಿಗಳ ವೆಚ್ಚವನ್ನೇ ಭರಿಸುತ್ತವೆ. ಇದು ಅಲಂಕಾರದ ಖರ್ಚಲ್ಲ, ರೋಗದ ಚಿಕಿತ್ಸೆ. ತಜ್ಞರ ಲಿಖಿತ ಸಲಹೆ, ಕಾಲಕಾಲದ ತಪಾಸಣೆ ಎಂಬ ನಿಬಂಧನೆಗಳೊಡನೆ ಸಾಧನದ ವೆಚ್ಚವನ್ನೂ ವಿಮೆ ಭರಿಸುವುದು ನ್ಯಾಯ. ಭಕ್ತರು ತಮ್ಮ ಜನಪ್ರತಿನಿಧಿಗಳ ಮುಂದೆ ಈ ಬೇಡಿಕೆಯನ್ನಿಡಲಿ.