ಮೆನುವಿನಲ್ಲಿ ಸಿಕ್ಕಿಬಿದ್ದ ಹಾಡು

ಕ್ಷೇತ್ರಕಾರ್ಯದ ವರದಿಗಳ ಕೊನೆಯ ಪುಟಗಳಲ್ಲಿ ಒಂದು ಮಾತು ಹೆಚ್ಚುಕಡಿಮೆ ತಪ್ಪದೆ ಇರುತ್ತದೆ: ದಾಖಲೀಕರಣದ ಪ್ರತಿಯನ್ನು ಕಲಾವಿದರಿಗೆ ತಲುಪಿಸಲಾಗಿದೆ. ತಲುಪಿಸಿದ್ದು ಏನು, ಅದು ಅವರ ಮನೆಯಲ್ಲಿ ಓಡಿತೇ, ಒಬ್ಬರಾದರೂ ಒಮ್ಮೆಯಾದರೂ ನೋಡಿದರೇ ಎಂದು ನಾನು ಕೂತು ಕೇಳಿದ ಯಾವ ಮೌಖಿಕ ಪರೀಕ್ಷೆಯಲ್ಲೂ ಯಾರೂ ಕೇಳಿಲ್ಲ. ಕೇಳಬೇಕು ಎಂಬುದು ನನ್ನ ಜಗಳ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಸುತ್ತಮುತ್ತಲ ಊರುಗಳಲ್ಲಿ ನಾನು ಅಂಟಿಗೆ-ಪಂಟಿಗೆ ಹಾಡುಗಳ ಬೆನ್ನು ಹತ್ತಿ ಓಡಾಡುತ್ತಿದ್ದೇನೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ಈ ತಂಡಗಳನ್ನು ನನಗಿಂತ ಮುಂಚೆ ಎಷ್ಟೋ ಮಂದಿ ಚಿತ್ರೀಕರಿಸಿದ್ದಾರೆ. ಹಾಗಾಗಿ ಹಳೆಯ ಹಾಡುಗಾರರ ಮನೆಗಳಲ್ಲಿ, ರೇಷನ್ ಕಾರ್ಡು, ಪಹಣಿ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಒಂದೆರಡು ಡಿವಿಡಿಗಳೂ ಇರುತ್ತವೆ. ಟಿವಿಯ ಕೆಳಗೆ ಹಳೇ ಪ್ಲೇಯರ್ ಒಂದು ಧೂಳು ತಿನ್ನುತ್ತಿರುತ್ತದೆ. ಹಾಕಿ ನೋಡೋಣವೇ ಎಂದರೆ ಉತ್ತರ ಎಲ್ಲ ಕಡೆ ಒಂದೇ: ‘ಅದು ಹಾಡಲ್ಲ, ಬರೀ ಚಿತ್ರ ತೋರಿಸ್ತದೆ.’

ಆ ‘ಚಿತ್ರ’ವೇ ಮೆನು. ಹಿಂದೆ ಬೆಟ್ಟವೋ ಗುಡಿಯೋ ಇರುವ ಫೋಟೋ, ಮುಂದೆ ಯೋಜನೆಯ ಹೆಸರು, ಮಾರ್ಗದರ್ಶಕರ ಹೆಸರು, ಅದರ ಕೆಳಗೆ ಪ್ರಸ್ತಾವನೆ, ಪ್ರದೇಶ ಪರಿಚಯ, ಸಂದರ್ಶನ, ಹಾಡುಗಳು, ಕೃತಜ್ಞತೆ. ‘ಹಾಡುಗಳು’ ಒತ್ತಿದರೆ ಮತ್ತೊಂದು ಪುಟ. ಅಲ್ಲಿ ಭಾಗ ಒಂದು, ಭಾಗ ಎರಡು. ಇದು ಮಹಾಪ್ರಬಂಧದ ಪರಿವಿಡಿ. ಹಾಡುಗಾರನ ಹಾಡು ಮೂರನೇ ಅಧ್ಯಾಯದ ಎರಡನೇ ಉಪವಿಭಾಗದಲ್ಲಿದೆ. ಅಲ್ಲಿಗೆ ಹೋಗಲು ಅವನು ಮೊದಲು ನಮ್ಮ ಹೆಸರುಗಳನ್ನು ದಾಟಬೇಕು. ಅಕ್ಷರ ಬಾರದಿದ್ದರೂ ಇಡೀ ರಾತ್ರಿಯ ಹಾಡನ್ನು ನಾಲಿಗೆಯ ಮೇಲೆ ಇಟ್ಟುಕೊಂಡವರಿಗೆ ಅವರದೇ ಹಾಡು ಕೇಳಲು ಓದಲು ಬರಬೇಕೆಂಬ ಷರತ್ತು ಹಾಕಿದ್ದೇವೆ. ಇದನ್ನು ಮಾಡಿದವರು ಮೌಖಿಕ ಪರಂಪರೆಯ ವಿದ್ವಾಂಸರು ಎಂಬುದು ಬೇರೆ.

ಓದು ಬಂದರೂ ಸುಲಭವಲ್ಲ. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿ ಚಿತ್ರ 720×576 ಚುಕ್ಕಿಗಳದ್ದು. ಕಂಪ್ಯೂಟರಿನ ಪರದೆಯಲ್ಲಿ ಮುದ್ದಾಗಿ ಕಂಡ ಸಣ್ಣ ಕನ್ನಡ ಅಕ್ಷರ ಹಳೆಯ ಡಬ್ಬಾ ಟಿವಿಯಲ್ಲಿ ನಡುಗುತ್ತದೆ, ಒತ್ತಕ್ಷರಗಳು ಕರಗಿ ಮಸಿಯಾಗುತ್ತವೆ. ಆ ಟಿವಿಗಳು ಚಿತ್ರದ ಅಂಚನ್ನು ಸುತ್ತಲೂ ಒಂದಿಷ್ಟು ನುಂಗಿಬಿಡುತ್ತವೆ. ಮೂಲೆಯಲ್ಲಿಟ್ಟ ಗುಂಡಿ ಪರದೆಯ ಆಚೆ ಹೋಗುತ್ತದೆ. ಯಾವ ಗುಂಡಿ ಆಯ್ಕೆಯಾಗಿದೆ ಎಂದು ತೋರಿಸುವ ಬಣ್ಣವೂ ಬೇರೆಯದೇ ಒಂದು ಪದರ, ಅದರಲ್ಲಿ ಒಟ್ಟು ನಾಲ್ಕೇ ಬಣ್ಣಕ್ಕೆ ಅವಕಾಶ. ತಿಳಿಹಳದಿಯ ಮೇಲೆ ತಿಳಿಕೇಸರಿ ಬಳಿದಿದ್ದರೆ ಕರ್ಸರ್ ಎಲ್ಲಿದೆಯೆಂದು ದೇವರೇ ಹೇಳಬೇಕು. ಮೇಲೆ, ಕೆಳಗೆ, ಎಡ, ಬಲ ಒತ್ತಿದಾಗ ಎಲ್ಲಿಗೆ ಹೋಗಬೇಕೆಂಬುದನ್ನು ಪ್ರತಿ ಗುಂಡಿಗೂ ಪ್ರತ್ಯೇಕವಾಗಿ ಬರೆದಿರಬೇಕು. ಮೌಸಿನಲ್ಲಿ ಪರೀಕ್ಷಿಸಿದವರಿಗೆ ಆ ಕೊರತೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಮೌಸ್ ಎಲ್ಲಿಗೆ ಬೇಕಾದರೂ ಹಾರುತ್ತದೆ.

ಇನ್ನು ರಿಮೋಟು. ಎಂಟು ಹತ್ತು ವರ್ಷದ ಪ್ಲೇಯರಿನ ರಿಮೋಟು ಯಾವ ಮನೆಯಲ್ಲಿ ಉಳಿದಿದೆ? ಪ್ಲೇಯರಿನ ಮುಖದ ಮೇಲೆ ಸಾಮಾನ್ಯವಾಗಿ ತೆರೆ, ಓಡಿಸು, ನಿಲ್ಲಿಸು ಇಷ್ಟೇ ಗುಂಡಿ, ಬಾಣದ ಗುರುತುಗಳಿಲ್ಲ. ಬಾಣವಿಲ್ಲದೆ ಮೆನು ದಾಟಲಾಗದು. ಇಪ್ಪತ್ತು ಸೆಕೆಂಡಿನ ಕೊಳಲು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ಹಿಂದಿನ ವಿಸಿಡಿಗಳಲ್ಲಿ ಪಿಬಿಸಿ ಎಂಬುದನ್ನು ಆರಿಸಿದರೆ ಮೆನು ಮಾಯವಾಗಿ ಒಂದರ ಹಿಂದೊಂದು ಹಾಡು ಬರುತ್ತಿತ್ತು. ಆ ಸೌಜನ್ಯವನ್ನು ಡಿವಿಡಿ ಕಿತ್ತುಕೊಂಡಿತು.

ಈ ರೋಗವನ್ನು ಬೇರೆ ರೋಗಗಳೊಂದಿಗೆ ಕಲಸಿ ‘ಹಳೇ ಮಷೀನು, ಏನು ಮಾಡೋದು’ ಎಂದು ಕೈತೊಳೆದುಕೊಳ್ಳುವುದು ನಮ್ಮವರ ಅಭ್ಯಾಸ. ಬಿಡಿಸಿ ನೋಡುವುದು ಕಷ್ಟವೇನಲ್ಲ. ಮೆನು ಬಂದು ಅಲ್ಲೇ ಸುತ್ತುತ್ತಿದ್ದರೆ ತಪ್ಪು ಬಹುಮಟ್ಟಿಗೆ ರಚನೆಯದು, ಅಂದರೆ ಮಾಡಿದವರದು. ಹಾಡು ಶುರುವಾಗಿ ಅರ್ಧಕ್ಕೆ ಚೌಕಳಿ ಚೌಕಳಿಯಾಗಿ ನಿಂತರೆ ಬರ್ನ್ ಮಾಡಿದ ಬಗೆಯನ್ನು ಅನುಮಾನಿಸಬೇಕು. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ, ಮೆನು ಸಾಮಾನ್ಯವಾಗಿ ಒಳಸುತ್ತಿನಲ್ಲಿರುತ್ತದೆ, ಹದಿನಾರು ಪಟ್ಟು ವೇಗದಲ್ಲಿ ಅವಸರಕ್ಕೆ ಬರೆದದ್ದರ ಕಷ್ಟ ಹೊರಸುತ್ತಿನಲ್ಲಿ ತೋರುತ್ತದೆ. ಮೇಲೆ ಅಂಟಿಸಿದ ಚೆಂದದ ಕಾಗದದ ಲೇಬಲ್ಲೂ ತಿರುಗುವಾಗ ಡಿಸ್ಕಿನ ತೂಕ ತಪ್ಪಿಸುತ್ತದೆ. ಪ್ಲೇಯರ್ ‘ಡಿಸ್ಕ್ ಇಲ್ಲ’ ಎಂದೇ ಹೇಳಿದರೆ ಅದು ಮರುಬರಹದ ಡಿಸ್ಕ್ ಇರಬಹುದು. ಅದರ ಪ್ರತಿಫಲನ ಕಡಿಮೆ, ಹಳೆಯ ಲೇಸರಿಗೆ ಕಾಣುವುದಿಲ್ಲ. ಅಥವಾ ಬರೆದವರು ಫೈನಲೈಸ್ ಮಾಡದೆ ಕೊಟ್ಟಿದ್ದಾರೆ. ಫೈನಲೈಸ್ ಆಗದ ಡಿಸ್ಕನ್ನು ಬರೆದ ಯಂತ್ರವೇ ಓದಬಲ್ಲದು, ಬೇರೆಯವು ಸಾಮಾನ್ಯವಾಗಿ ಓದವು. ಆ ಯಂತ್ರ ಯಾವ ವಿಭಾಗದ ಗುಜರಿಗೆ ಹೋಯಿತೋ.

ಮೆನುವಿನ ರೋಗಕ್ಕೆ ಮದ್ದಿದೆ, ಅಗ್ಗದ ಮದ್ದು. ಡಿವಿಡಿಯಲ್ಲಿ ‘ಮೊದಲು ಓಡುವುದು’ ಯಾವುದೆಂದು ಹೇಳುವ ಆದೇಶವೊಂದಿರುತ್ತದೆ, ವಿಡಿಯೋ_ಟಿಎಸ್ ಕಡತಕೋಶದ ಮುಖ್ಯ ಐಎಫ್‌ಒ ಕಡತದಲ್ಲಿ. ಅದು ಮೆನುವಿಗೆ ಹೋಗು ಅನ್ನುವ ಬದಲು ನೇರ ಮೊದಲ ಹಾಡಿಗೆ ಹೋಗು ಅಂದರೆ ಮುಗಿಯಿತು. ಮೆನು ಇರಲೇಬೇಕೆಂಬ ಹಟವಿದ್ದರೆ ಹತ್ತು ಸೆಕೆಂಡು ಯಾರೂ ಏನೂ ಒತ್ತದಿದ್ದಾಗ ತಾನೇ ಹಾಡು ಶುರುವಾಗುವಂತೆ ಬರೆಯಬಹುದು. ಈಗಾಗಲೇ ಮನೆಗಳಲ್ಲಿರುವ ಡಿಸ್ಕಿಗೆ ಬೇರೆ ದಾರಿ: ರಿಮೋಟಿದ್ದರೆ ‘ಟೈಟಲ್’ ಗುಂಡಿಯನ್ನೋ ಹುಡುಕಾಟದ ಗುಂಡಿಯನ್ನೋ ಒತ್ತಿ ಸಂಖ್ಯೆ ಕೊಟ್ಟು ನೋಡುವುದು, ಕೆಲವು ಪ್ಲೇಯರುಗಳು ಒಪ್ಪುತ್ತವೆ. ಒಪ್ಪದಿದ್ದರೆ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ತೆರೆದು, ಡಿಸ್ಕ್ ತೆರೆಯುವಾಗ ಮೆನು ಬೇಡ ಎಂಬಲ್ಲಿ ಗುರುತು ಹಾಕಿದರೆ ಹಾಡು ನೇರ ಬರುತ್ತದೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟು, ಜೊತೆಗೆ ಮೆನುವಿಲ್ಲದ ಹೊಸ ಡಿಸ್ಕೊಂದನ್ನು ನಿಧಾನವಾಗಿ ಬರ್ನ್ ಮಾಡಿಕೊಟ್ಟರೆ ಒಂದು ಮನೆಗೆ ಒಂದು ಮಧ್ಯಾಹ್ನ. ನಾನು ಹೋದಲ್ಲೆಲ್ಲ ಇದನ್ನು ಮಾಡುತ್ತೇನೆ. ಇದು ನನ್ನ ಸಂಶೋಧನೆಯ ಭಾಗವಲ್ಲ ಎಂದು ಹಿತೈಷಿಯೊಬ್ಬರು ಎಚ್ಚರಿಸಿದ್ದಾರೆ. ಯಾವುದು ಭಾಗ ಹಾಗಾದರೆ?

ಡಿವಿಡಿಯ ಕಾಲ ಮುಗಿದಿದೆ, ಎಲ್ಲವನ್ನೂ ಯೂಟ್ಯೂಬಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಹಾಕಿ, ಬೇಡ ಅನ್ನುವುದಿಲ್ಲ, ಹಾಡಿದವರನ್ನು ಕೇಳಿ ಹಾಕಿ. ಆದರೆ ಕವರಿನಲ್ಲಿರುವ ಡಿಸ್ಕ್ ಆ ಮನೆಯದು. ಅದನ್ನು ತೋರಿಸಲು ಯಾರ ಚಾನೆಲ್ಲೂ ಬೇಡ, ಗುಡ್ಡದ ಹಿಂದೆ ಮರೆಯಾಗುವ ನೆಟ್‌ವರ್ಕೂ ಬೇಡ. ಮೂಲ ಟೇಪುಗಳು ಎಲ್ಲಿವೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುವ ಈ ಹೊತ್ತಿನಲ್ಲಿ, ಕೆಲವು ಹಾಡುಗಳ ಮಟ್ಟಿಗೆ ಉಳಿದಿರುವ ಪ್ರತಿ ಬಹುಶಃ ಅದೊಂದೇ. ಬರ್ನ್ ಮಾಡಿದ ಡಿಸ್ಕಿನಲ್ಲಿ ಬರಹವನ್ನು ಹಿಡಿದಿಟ್ಟಿರುವುದು ಒಂದು ತೆಳು ಬಣ್ಣದ ಪದರ, ಬಿಸಿಲು, ಸೆಕೆ, ತೇವ ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲಗಳು ಅದರ ಮೇಲೆ ಒಂದೊಂದಾಗಿ ಹಾಯ್ದು ಹೋಗುತ್ತಿವೆ.

ಮೆನು ಇದ್ದರೆ ಗೌರವ, ವೃತ್ತಿಪರತೆ ಎನ್ನುವ ಇನ್ನೊಂದು ವಾದವನ್ನು ನಾನು ಒಪ್ಪಲಾರೆ. ಆ ಗೌರವ ಕೊಟ್ಟವರ ಕಪಾಟಿಗೆ, ಅನುದಾನದ ಲೆಕ್ಕಕ್ಕೆ, ಮೌಲ್ಯಮಾಪಕರ ಮೇಜಿಗೆ. ಹೋಲಿಕೆಗೆ ನೋಡಿ: 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ದಾಖಲೆ ಮತ್ತು ಸಂಶೋಧನಾ ಕೇಂದ್ರ, ವಿದೇಶಿ ಸಂಶೋಧಕರು ಹೊರಗೆ ಒಯ್ದ ಭಾರತದ ಧ್ವನಿಮುದ್ರಣಗಳ ಪ್ರತಿಗಳನ್ನು ಇಲ್ಲಿಗೆ ತರಿಸುವುದನ್ನೇ ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಇಟ್ಟುಕೊಂಡಿತು. ಸಾಗರದಾಚೆಯಿಂದ ದೇಶಕ್ಕೆ ತರಬಹುದಾದದ್ದನ್ನು ವಿಶ್ವವಿದ್ಯಾಲಯದಿಂದ ಸೊರಬಕ್ಕೆ ತಲುಪಿಸುವುದು ನಮಗೆ ಕಷ್ಟವಾಗಿದೆ.

ನನ್ನ ಬೇಡಿಕೆ ಸಣ್ಣದು. ‘ತಲುಪಿಸಲಾಗಿದೆ’ ಎಂದು ಬರೆಯುವ ಮೊದಲು ಸಂಶೋಧಕರು ಹಾಡುಗಾರರ ಮನೆಯ ಚಾವಡಿಯಲ್ಲಿ, ಅವರದೇ ಪ್ಲೇಯರಿನಲ್ಲಿ, ರಿಮೋಟು ಮುಟ್ಟದೆ ಅದನ್ನು ಓಡಿಸಿ ತೋರಿಸಲಿ. ಡಿಸ್ಕಿನ ಮೇಲೆ ಹಾಡಿದವರ ಹೆಸರು, ಊರು, ದಿನಾಂಕವನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಲಿ. ಯೋಜನೆಯ ಹೆಸರಿಗೆ ಜಾಗ ಉಳಿದರೆ ಅಂಚಿನಲ್ಲಿ ಬರೆದುಕೊಳ್ಳಲಿ.