ಡೆಸ್ಕಿನ ಕೆಳಗಿನ ಪ್ರಾರ್ಥನೆ

ಮಧ್ಯಾಹ್ನದ ಊಟದ ಬೆಲ್ ಹೊಡೆದಿತ್ತು. ಒಂಬತ್ತನೇ ತರಗತಿಯ ಹುಡುಗರು ಡಬ್ಬಿ ಬಿಚ್ಚಿಕೊಂಡು ಗುಂಪುಗುಂಪಾಗಿ ಕುಳಿತಿದ್ದರು. ಕಪ್ಪುಹಲಗೆ ಒರೆಸುತ್ತಿದ್ದ ನನ್ನ ಕಣ್ಣಿಗೆ ಕೊನೆಯ ಬೆಂಚಿನ ಹುಡುಗನೊಬ್ಬ ಬಿದ್ದ. ದಿನವೂ ಊಟಕ್ಕೆ ಮುಂಚೆ ಇವನ ಪೆನ್ಸಿಲ್ ಕೆಳಗೆ ಬೀಳುತ್ತಿತ್ತು. ಹೆಕ್ಕಲು ಬಗ್ಗಿದವನು ಮೇಲೇಳಲು ಅರ್ಧ ನಿಮಿಷ ಹಿಡಿಯುತ್ತಿತ್ತು. ನಾಲ್ಕೈದು ದಿನ ನೋಡಿದ ಮೇಲೆ ಗುಟ್ಟು ತಿಳಿಯಿತು. ಹುಡುಗ ಡೆಸ್ಕಿನ ಕೆಳಗೆ ಕಣ್ಣು ಮುಚ್ಚಿಕೊಂಡು ಊಟದ ಪ್ರಾರ್ಥನೆ ಮಾಡುತ್ತಿದ್ದ! ಹಿಂದೊಮ್ಮೆ ಅವನು ಕೈಜೋಡಿಸಿದ್ದನ್ನು ಗೆಳೆಯರು ಅಣಕಿಸಿ ನಕ್ಕಿದ್ದರಂತೆ. ಅಂದಿನಿಂದ ಈ ಉಪಾಯ.

ನನಗೆ ನಗು ಬರಲಿಲ್ಲ. ಏಕೆಂದರೆ ಬಿ.ಎಸ್ಸಿ. ಓದುವಾಗ ನಾನೂ ಇಂಥದ್ದನ್ನೇ ಮಾಡಿದವನು. ಹಾಸ್ಟೆಲಿನಲ್ಲಿ ಒಬ್ಬ ಸಹಪಾಠಿ, ‘ವಿಜ್ಞಾನ ಓದುವವನಿಗೆ ಚರ್ಚು ಯಾಕಯ್ಯಾ?’ ಎಂದು ನಾಲ್ಕು ಜನರೆದುರು ಕೇಳಿದ. ಎಲ್ಲರೂ ನಕ್ಕರು. ಮುಂದಿನ ಭಾನುವಾರ ನಾನು ಬೈಬಲ್ಲನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಂಡು, ‘ಅಂಗಡಿಗೆ ಹೋಗಿಬರುತ್ತೇನೆ’ ಎಂದು ಸುಳ್ಳು ಹೇಳಿ ಹೊರಟೆ. ತಿಂಗಳು ಕಳೆಯುವಷ್ಟರಲ್ಲಿ ಹೋಗುವುದನ್ನೇ ಬಿಟ್ಟೆ. ವಾದದಲ್ಲಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಸೋತದ್ದು ಒಂದು ನಗೆಗೆ. ನನ್ನ ದೇವರಿಗಿಂತ ಗೆಳೆಯರ ನಗೆ ನನಗೆ ದೊಡ್ಡದಾಗಿತ್ತು ಎಂಬುದು ಬಹಳ ಕಾಲ ನೋಯಿಸಿತು.

ಆ ನೋವಿನ ದಿನಗಳಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಿದವನು ಮೈಕೆಲ್ ಫ್ಯಾರಡೆ. ಮಕ್ಕಳೇ, ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ನೀವು ಓದುವ ಫ್ಯಾರಡೆಯೇ ಇವನು. 1791ರಲ್ಲಿ ಇಂಗ್ಲೆಂಡಿನ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. ಹೆಚ್ಚು ಶಾಲೆ ಕಾಣಲಿಲ್ಲ. ಏಳು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತ. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸಹಾಯಕನಾಗಿ ಸೇರಿ, 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ. ಇಂದಿನ ವಿದ್ಯುತ್ ಜನರೇಟರುಗಳು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ.

ಪಾಠದ ಪುಸ್ತಕ ಹೇಳದ ಇನ್ನೊಂದು ಸಂಗತಿಯಿದೆ. ಫ್ಯಾರಡೆ ಸ್ಯಾಂಡೆಮನಿಯನ್ ಎಂಬ ಬಹು ಸಣ್ಣ ಕ್ರೈಸ್ತ ಪಂಗಡದವನು. ಆ ಸಭೆಗೆ ಭವ್ಯವಾದ ಚರ್ಚಿರಲಿಲ್ಲ, ಸಂಬಳದ ಪಾದ್ರಿಯಿರಲಿಲ್ಲ. ಸಭೆಯವರಲ್ಲೇ ಆರಿಸಿದ ಹಿರಿಯರು ಆರಾಧನೆ ನಡೆಸುತ್ತಿದ್ದರು. ಭಾನುವಾರ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು. ಒಬ್ಬರ ಪಾದವನ್ನೊಬ್ಬರು ತೊಳೆಯುವ ಪದ್ಧತಿಯೂ ಇತ್ತು. ದೊಡ್ಡ ಮನುಷ್ಯರ ನಡುವೆ ಓಡಾಡುವ ವಿಜ್ಞಾನಿಗೆ ಇದೆಲ್ಲ ನಾಚಿಕೆ ಎನಿಸಬಹುದಿತ್ತಲ್ಲವೇ? ಫ್ಯಾರಡೆಗೆ ಎನಿಸಲಿಲ್ಲ. 1821ರಲ್ಲಿ, ಮದುವೆಯಾಗಿ ಸುಮಾರು ಒಂದು ತಿಂಗಳಾದ ಮೇಲೆ, ಸಭೆಯ ಮುಂದೆ ನಿಂತು ತನ್ನ ನಂಬಿಕೆಯನ್ನು ಅರಿಕೆ ಮಾಡಿಕೊಂಡ. ‘ನನಗೂ ಒಂದು ಮಾತು ಹೇಳಲಿಲ್ಲವಲ್ಲ’ ಎಂದು ಹೆಂಡತಿ ಕೇಳಿದಾಗ, ಅದು ತನಗೂ ತನ್ನ ದೇವರಿಗೂ ಸೇರಿದ ವಿಷಯ ಎಂದನೆಂದು ಹೇಳುತ್ತಾರೆ. 1840ರಲ್ಲಿ ಸಭೆಯ ಹಿರಿಯನಾಗಿ ಪ್ರಸಂಗವನ್ನೂ ಮಾಡಿದ.

1844ರಲ್ಲಿ, ಕಂಪ್ಯೂಟರಿನ ಚರಿತ್ರೆಯಲ್ಲಿ ಹೆಸರಾದ ಏಡಾ ಲವ್‌ಲೇಸ್‌ಗೆ ಬರೆದ ಪತ್ರದಲ್ಲಿ, ಜನರು ಹೀಗಳೆಯುವ, ಹೆಸರೇ ಹೆಚ್ಚು ಮಂದಿಗೆ ಗೊತ್ತಿಲ್ಲದ ಪುಟ್ಟ ಪಂಗಡಕ್ಕೆ ತಾನು ಸೇರಿದವನೆಂದು ಅವನೇ ತಿಳಿಸಿದ. ಮುಚ್ಚಿಡಲೂ ಇಲ್ಲ, ಹೊಗಳಿಕೊಳ್ಳಲೂ ಇಲ್ಲ. ಅದೇ ವರ್ಷ ಸಭೆಯೊಳಗಿನ ಬಿಕ್ಕಟ್ಟಿನಲ್ಲಿ ಅವನನ್ನು ಕೆಲವು ವಾರ ಹೊರಗಿಟ್ಟರು. ಹಿರಿಯನ ಸ್ಥಾನ ಹೋಯಿತು. ಫ್ಯಾರಡೆ ಮುನಿಸಿಕೊಂಡು ದೂರವಾಗಲಿಲ್ಲ. ಮರಳಿ ಬಂದು ಸಾಮಾನ್ಯ ಸದಸ್ಯನಾಗಿ ಕುಳಿತ. ಮತ್ತೆ ಹಿರಿಯನಾದದ್ದು 1860ರಲ್ಲಿ. ಹೊರಗಿನವರ ನಗೆಗೆ ಹೆದರದವನು, ಒಳಗಿನವರ ಮಾನ್ಯತೆಗೂ ಆರಾಧನೆ ಮಾಡಿದವನಲ್ಲ.

ಹಾಗೆಂದು ಫ್ಯಾರಡೆ ತನ್ನ ಭಕ್ತಿಯನ್ನು ಮೆರೆಸುತ್ತಾ ಹೋದವನೂ ಅಲ್ಲ. ವಿಜ್ಞಾನದ ವೇದಿಕೆಯನ್ನು ಮತಪ್ರಚಾರಕ್ಕೆ ಬಳಸಲಿಲ್ಲ. 1854ರ ಒಂದು ಉಪನ್ಯಾಸದಲ್ಲಿ ಧಾರ್ಮಿಕ ನಂಬಿಕೆಯೇ ಬೇರೆ, ಲೋಕದ ತಿಳಿವಳಿಕೆಯೇ ಬೇರೆ ಎಂದು ಸ್ಪಷ್ಟವಾಗಿ ಗೆರೆ ಎಳೆದ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೈಬಲ್ಲಿನ ದಾನಿಯೇಲನ ಕಥೆ ಕೆಲವರಿಗಾದರೂ ಗೊತ್ತಿರಬಹುದು. ಮೂವತ್ತು ದಿನ ರಾಜನನ್ನಲ್ಲದೆ ಯಾರನ್ನೂ ಪ್ರಾರ್ಥಿಸಬಾರದೆಂಬ ಆಜ್ಞೆ ಹೊರಟಾಗಲೂ ದಾನಿಯೇಲ ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಆದರೆ ಮತ್ತಾಯನ ಸುವಾರ್ತೆಯಲ್ಲಿ ಯೇಸು, ಜನರು ನೋಡಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸಬೇಡಿ, ಕೋಣೆಯ ಬಾಗಿಲು ಮುಚ್ಚಿಕೊಳ್ಳಿ ಎನ್ನುತ್ತಾನೆ. ಒಂದು ಕಡೆ ತೆರೆದ ಕಿಟಕಿ, ಇನ್ನೊಂದು ಕಡೆ ಮುಚ್ಚಿದ ಬಾಗಿಲು. ಯಾವುದು ಸರಿ?

ಎರಡೂ ಸರಿ. ದಾನಿಯೇಲ ಆಜ್ಞೆಗೆ ಸವಾಲು ಹಾಕಲೆಂದು ಹೊಸ ಕಿಟಕಿ ತೆರೆಯಲಿಲ್ಲ. ಹೆದರಿಕೊಂಡು ಇದ್ದ ಕಿಟಕಿಯನ್ನು ಮುಚ್ಚಲೂ ಇಲ್ಲ. ಮೊದಲಿನಂತೆಯೇ ಮಾಡಿದ, ಅಷ್ಟೇ. ಜನರಿಗೆ ಹೆದರಿ ಬಚ್ಚಿಡುವುದು, ಜನರು ಮೆಚ್ಚಲೆಂದು ಪ್ರದರ್ಶಿಸುವುದು, ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳು. ಎರಡರಲ್ಲೂ ಕಣ್ಣು ದೇವರ ಕಡೆಗಿಲ್ಲ, ಪಕ್ಕದವನ ಕಡೆಗಿದೆ. ಪ್ರಯೋಗಶಾಲೆಯಲ್ಲಿ ಸುರುಳಿಯೊಳಗೆ ಕಾಂತವನ್ನು ಆಡಿಸಿದಾಗ ಗ್ಯಾಲ್ವನೋಮೀಟರಿನ ಮುಳ್ಳು ತಿರುಗುತ್ತದೆ. ತರಗತಿ ತುಂಬಿದ್ದರೂ ತಿರುಗುತ್ತದೆ, ನಾನೊಬ್ಬನೇ ಇದ್ದರೂ ತಿರುಗುತ್ತದೆ. ಆರಾಧನೆಯೂ ಹಾಗಿರಬೇಕು.

ಆ ಹುಡುಗನ ತಂದೆ ಒಮ್ಮೆ ಶಾಲೆಗೆ ಬಂದಾಗ ವಿಷಯ ತಿಳಿಸಿದೆ. ಅವರು ನಿಟ್ಟುಸಿರಿಟ್ಟು, ‘ಯಾಕೆ ಬೇಕು ಮೇಷ್ಟ್ರೇ ನಾಲ್ಕು ಜನರ ಬಾಯಿಗೆ ಬೀಳುವುದು? ಪ್ರಾರ್ಥನೆ ಮನೆಯಲ್ಲಿ ಮಾಡಿಕೊಂಡರೆ ಸಾಲದೇ?’ ಎಂದರು. ಮಗ ಒಂಟಿಯಾಗಬಾರದೆಂಬ ಕಾಳಜಿ ಅದು. ತಪ್ಪೆನ್ನಲಾರೆ. ಆದರೆ ನನ್ನ ದಿನಪತ್ರಿಕೆಯ ಕಥೆ ಹೇಳಿ, ‘ಇಂದು ಊಟದ ಪ್ರಾರ್ಥನೆ ಬಚ್ಚಿಡಲು ಕಲಿತವನು ನಾಳೆ ಸತ್ಯ ಹೇಳಬೇಕಾದಾಗಲೂ ಪಕ್ಕದವರ ಮುಖ ನೋಡುತ್ತಾನೆ’ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ತಂದೆತಾಯಂದಿರೇ, ನೆಂಟರು ಬಂದಾಗ, ‘ಎಲ್ಲಿ, ಮಾಮನಿಗೆ ಒಂದು ಕೀರ್ತನೆ ಹೇಳು’ ಎಂದು ಮಕ್ಕಳನ್ನು ನಿಲ್ಲಿಸಬೇಡಿ. ಶಭಾಷ್ ಎನಿಸಿಕೊಳ್ಳಲು ಪ್ರಾರ್ಥನೆ ಕಲಿತ ಮಗು, ನಗು ಕೇಳಿದೊಡನೆ ಅದನ್ನು ಬಿಟ್ಟುಬಿಡುತ್ತದೆ. ನೀವು ಯಾರಿಗೂ ತೋರಿಸದೆ, ಯಾರಿಗೂ ಅಂಜದೆ ಪ್ರಾರ್ಥಿಸುವುದನ್ನು ಅದು ನೋಡಿದರೆ ಸಾಕು. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಗೆಳೆಯ ಕೈಜೋಡಿಸಲಿ, ವಿಭೂತಿ ಹಚ್ಚಿ ಬರಲಿ, ರಂಜಾನಿನ ಉಪವಾಸವಿರಲಿ, ನಗಬೇಡಿ. ಒಂದು ನಗೆ ಎಷ್ಟು ದೂರ ಹೋಗುತ್ತದೆಂಬುದು ನನಗೆ ಗೊತ್ತು.

ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಒಂದು ದಿನ ಪಾಠದ ಕೊನೆಯಲ್ಲಿ ಇಡೀ ತರಗತಿಗೆ ಫ್ಯಾರಡೆಯ ಭಾನುವಾರಗಳ ಕಥೆ ಹೇಳಿದೆ. ಎರಡು ವಾರ ಪೆನ್ಸಿಲ್ ಬೀಳುತ್ತಲೇ ಇತ್ತು. ಮೂರನೆಯ ವಾರ ಒಂದು ಮಧ್ಯಾಹ್ನ ಬೀಳಲಿಲ್ಲ. ಹುಡುಗ ಕುಳಿತಲ್ಲೇ ಕಣ್ಣು ಮುಚ್ಚಿ ತಲೆ ಬಾಗಿಸಿದ. ಪಕ್ಕದ ಗೆಳೆಯ ತನ್ನ ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು, ಅವನ ಪ್ರಾರ್ಥನೆ ಮುಗಿಯುವವರೆಗೆ ಕಾದ.